ಮಾಸ್ಟರ್ ಲೋಹಿತ್‌ನಿಂದ ‘ಅಪ್ಪು’ವರೆಗೆ: ಪುನೀತ್ ರಾಜ್‌ಕುಮಾರ್ ಅವರ ಬಾಲನಟನೆಯ ದಿನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪುನೀತ್ ರಾಜ್‌ಕುಮಾರ್ ಎಂದರೆ ಇಂದಿನ ಹುಡುಗರಿಗೆ 2002ರಲ್ಲಿ ಶುರುವಾದ ನಾಯಕನಟ. ಆದರೆ ಆ ವರ್ಷ ಬರುವ ಹೊತ್ತಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದು ಹದಿನೈದು ವರ್ಷ ದಾಟಿತ್ತು. ಅವರ ಬಾಲ್ಯದ ಚಿತ್ರಗಳ ಬಗ್ಗೆ ಮಾತು ಬಂದಾಗಲೆಲ್ಲ ಅವೇ ಕೆಲವು ಪ್ರಶ್ನೆಗಳು ಎದುರಾಗುತ್ತವೆ. ಭೇಟಿಯಲ್ಲಿ ಕೇಳಿದವು, ಪತ್ರದಲ್ಲಿ ಬಂದವು ಎಲ್ಲವನ್ನೂ ಕೂಡಿಸಿ, ಸುಲಭದ್ದರಿಂದ ಆರಂಭಿಸಿ ಉತ್ತರಿಸಿದ್ದೇನೆ. ಆ ಚಿತ್ರಗಳನ್ನು ಮುಂದೆ ಬಂದ ತಾರೆಯ ಮುದ್ದಾದ ಮುನ್ನುಡಿಯೆಂದು ಪಕ್ಕಕ್ಕಿಡುವುದು ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಉತ್ತರಗಳಲ್ಲಿ ಅದು ಕಂಡರೆ ಆಶ್ಚರ್ಯಪಡಬೇಡಿ.

## ಮೊದಲು ತಿಳಿಯಬೇಕಾದದ್ದು

ಪುನೀತ್ ಹುಟ್ಟಿದ್ದು ಬೆಂಗಳೂರಿನಲ್ಲೋ, ಗಾಜನೂರಿನಲ್ಲೋ?

ಎರಡೂ ಅಲ್ಲ, ಮದ್ರಾಸಿನಲ್ಲಿ. 1975ರ ಮಾರ್ಚ್ 17ರಂದು. ಗಾಜನೂರು ತಂದೆ ಡಾ. ರಾಜ್‌ಕುಮಾರ್ ಅವರ ಹುಟ್ಟೂರು. ಕನ್ನಡ ಚಿತ್ರರಂಗ ಬಹುಕಾಲ ನೆಚ್ಚಿಕೊಂಡಿದ್ದದ್ದು ಮದ್ರಾಸಿನ ಸ್ಟುಡಿಯೊಗಳನ್ನು, ಅಲ್ಲಿನ ಧ್ವನಿಮುದ್ರಣ ಕೇಂದ್ರಗಳನ್ನು. ಹೀಗಾಗಿ ಕನ್ನಡದ ಅನೇಕ ಕಲಾವಿದರ ಸಂಸಾರ ಅಲ್ಲೇ ಇತ್ತು. ರಾಜ್‌ಕುಮಾರ್ ಮತ್ತು ಪಾರ್ವತಮ್ಮ ದಂಪತಿಯ ಐವರು ಮಕ್ಕಳಲ್ಲಿ ಪುನೀತ್ ಕೊನೆಯವರು. ಶಿವರಾಜ್‌ಕುಮಾರ್ ಮತ್ತು ರಾಘವೇಂದ್ರ ರಾಜ್‌ಕುಮಾರ್ ಅಣ್ಣಂದಿರು, ಲಕ್ಷ್ಮಿ ಮತ್ತು ಪೂರ್ಣಿಮಾ ಅಕ್ಕಂದಿರು.

ಹಳೆಯ ಚಿತ್ರಗಳ ಶೀರ್ಷಿಕೆಯಲ್ಲಿ ‘ಮಾಸ್ಟರ್ ಲೋಹಿತ್’ ಎಂದು ಬರುತ್ತದಲ್ಲ, ಆ ಹುಡುಗ ಯಾರು?

ಅವರೇ. ಹುಟ್ಟಿದಾಗ ಇಟ್ಟ ಹೆಸರು ಲೋಹಿತ್, ಪುನೀತ್ ಎಂಬುದು ಆಮೇಲೆ ಬಂದದ್ದು. ಮನೆಯಲ್ಲಿ ಕರೆಯುತ್ತಿದ್ದದ್ದು ಅಪ್ಪು ಎಂದು. ಈ ಮೂರೂ ಹೆಸರು ಒಬ್ಬರವೇ ಎಂದು ತಿಳಿಯದೆ, ‘ಆ ಲೋಹಿತ್ ಮುಂದೆ ಏನಾದ?’ ಎಂದು ಕೇಳುವವರು ಇಂದಿಗೂ ಸಿಗುತ್ತಾರೆ.

ಆರು ತಿಂಗಳ ಕೂಸಾಗಿದ್ದಾಗಲೇ ನಟಿಸಿದ್ದರು ಎನ್ನುತ್ತಾರೆ. ನಿಜವೇ ಅಥವಾ ಅಭಿಮಾನಿಗಳ ಉತ್ಪ್ರೇಕ್ಷೆಯೇ?

ನಿಜ. ವಿ. ಸೋಮಶೇಖರ್ ನಿರ್ದೇಶನದ ‘ಪ್ರೇಮದ ಕಾಣಿಕೆ’ (1976) ಚಿತ್ರದಲ್ಲಿ ಕಾಣುವ ಮಗು ಅವರೇ. ಮರುವರ್ಷ ವಿಜಯ್ ನಿರ್ದೇಶಿಸಿದ ‘ಸನಾದಿ ಅಪ್ಪಣ್ಣ’ದಲ್ಲಿಯೂ ಕಾಣಿಸಿಕೊಂಡರು. ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿ ನಾದ ಕೇಳಿಸುವ ಚಿತ್ರ ಅದು. ಆದರೆ ಇವೆರಡನ್ನೂ ನಟನೆ ಎನ್ನಲಾಗದು. ತೊಟ್ಟಿಲಿನ ಮಗುವಿಗೆ ಕ್ಯಾಮೆರಾ ಯಾವುದು, ಕಿಟಕಿ ಯಾವುದು ಎಂದು ತಿಳಿಯುವುದಿಲ್ಲ. ನಟನೆಯ ಲೆಕ್ಕವನ್ನು 1980ರಲ್ಲಿ ದೊರೆ–ಭಗವಾನ್ ಜೋಡಿ ತೆಗೆದ ‘ವಸಂತ ಗೀತ’ದಿಂದ ಹಿಡಿಯುವುದು ಸರಿ.

ಬಾಲನಟನಾಗಿ ಮಾಡಿದ ಚಿತ್ರಗಳು ಯಾವುವು? ವರ್ಷದ ಪ್ರಕಾರ ಹೇಳಿ.

‘ತಾಯಿಗೆ ತಕ್ಕ ಮಗ’ 1978ರಲ್ಲಿ, ‘ವಸಂತ ಗೀತ’ 1980ರಲ್ಲಿ ಬಂದವು. 1981ರಲ್ಲಿ ‘ಭೂಮಿಗೆ ಬಂದ ಭಗವಂತ’ ಮತ್ತು ‘ಭಾಗ್ಯವಂತ’. ಮೊದಲನೆಯದರಲ್ಲಿ ಕೃಷ್ಣನ ಪಾತ್ರ. 1982ರಲ್ಲಿ ‘ಹೊಸ ಬೆಳಕು’ ಮತ್ತು ‘ಚಲಿಸುವ ಮೋಡಗಳು’. 1983ರಲ್ಲಿ ‘ಭಕ್ತ ಪ್ರಹ್ಲಾದ’ ಮತ್ತು ‘ಎರಡು ನಕ್ಷತ್ರಗಳು’. ಆಮೇಲೆ ‘ಯಾರಿವನು’ (1984), ‘ಬೆಟ್ಟದ ಹೂವು’ (1985). ಮೂರು ವರ್ಷದ ಬಿಡುವಿನ ನಂತರ ‘ಶಿವ ಮೆಚ್ಚಿದ ಕಣ್ಣಪ್ಪ’ (1988), ಕೊನೆಗೆ ಹದಿಹರೆಯದ ಹುಡುಗನಾಗಿ ‘ಪರಶುರಾಮ್’ (1989).

ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಆರರಿಂದ ಹತ್ತರ ವಯಸ್ಸಿನೊಳಗೆ ಪೌರಾಣಿಕ, ಕೌಟುಂಬಿಕ, ಹಾಸ್ಯ, ಸಾಹಿತ್ಯಾಧಾರಿತ ಎಲ್ಲ ಬಗೆಯ ಚಿತ್ರಗಳೂ ಇವೆ. ದೊಡ್ಡ ನಟರಿಗೂ ಐದು ವರ್ಷದಲ್ಲಿ ಇಷ್ಟು ವೈವಿಧ್ಯ ಸಿಗುವುದು ಅಪರೂಪ.

ನನ್ನ ಮಗನಿಗೆ ಎಂಟು ವರ್ಷ. ಯಾವ ಚಿತ್ರವನ್ನು ಮೊದಲು ತೋರಿಸಲಿ?

‘ಭಕ್ತ ಪ್ರಹ್ಲಾದ’ ತೋರಿಸಿ. ಕಥೆ ಮೊದಲೇ ಗೊತ್ತಿರುವುದರಿಂದ ಭಾಷೆ ಗ್ರಾಂಥಿಕವಾಗಿದ್ದರೂ ಮಕ್ಕಳು ಬೇಸರಿಸುವುದಿಲ್ಲ. ನರಸಿಂಹ ಬರುವ ದೃಶ್ಯಕ್ಕೆ ಸಣ್ಣವರು ಹೆದರಬಹುದು, ಪಕ್ಕದಲ್ಲಿ ಕುಳಿತಿರಿ. ‘ಬೆಟ್ಟದ ಹೂವು’ ಎರಡು ವರ್ಷ ಕಾಯಲಿ. ಅದು ಮಕ್ಕಳ ಬಗೆಗಿನ ಚಿತ್ರ. ಅದರ ನೋವು ಮುಟ್ಟಬೇಕಾದರೆ ಮನೆಯಲ್ಲಿ ದುಡ್ಡು ಹೇಗೆ ಬರುತ್ತದೆ, ಹೇಗೆ ಸಾಲದೆ ಹೋಗುತ್ತದೆ ಎಂಬ ಅರಿವು ಮಗುವಿಗೆ ಸ್ವಲ್ಪವಾದರೂ ಇರಬೇಕು.

## ಹಾಡುಗಳ ಬಗ್ಗೆ

ಆ ಹಾಡುಗಳನ್ನು ಅವರೇ ಹಾಡಿದ್ದೇ? ಅಷ್ಟು ಚಿಕ್ಕ ಮಗು ಶ್ರುತಿಯಲ್ಲಿ ಹಾಡಲು ಸಾಧ್ಯವೇ?

ಅವರೇ ಹಾಡಿದ್ದು. ಸಂದೇಹಕ್ಕೂ ಕಾರಣವಿದೆ. ನಮ್ಮ ಚಿತ್ರಗಳಲ್ಲಿ ತೆರೆಯ ಮೇಲೆ ಹುಡುಗ ಬಾಯಾಡಿಸುತ್ತಿದ್ದರೂ ಹಿಂದಿನ ಕಂಠ ಸಾಮಾನ್ಯವಾಗಿ ಯಾವುದೋ ಗಾಯಕಿಯದಾಗಿರುತ್ತಿತ್ತು. ಎಸ್. ಜಾನಕಿಯಂಥವರು ಮಗುವಿನ ದನಿಯನ್ನು ಅಚ್ಚರಿ ಹುಟ್ಟಿಸುವಂತೆ ತರುತ್ತಿದ್ದರು. ನಿಜವಾದ ಮಗುವಿನಿಂದ ಹಾಡಿಸುವುದು ನಿರ್ಮಾಪಕರಿಗೆ ತಲೆನೋವಿನ ಕೆಲಸ. ಆ ಕಾಲದ ಧ್ವನಿಮುದ್ರಣದಲ್ಲಿ ಬಹುಮಟ್ಟಿಗೆ ವಾದ್ಯದವರೂ ಹಾಡುವವರೂ ಒಟ್ಟಿಗೇ ನಿಲ್ಲುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕು.

ಅಂಥ ಕಾಲದಲ್ಲಿ ‘ಭಾಗ್ಯವಂತ’ಕ್ಕಾಗಿ ಟಿ.ಜಿ. ಲಿಂಗಪ್ಪ ಸಂಗೀತದಲ್ಲಿ ‘ಬಾನ ದಾರಿಯಲ್ಲಿ ಸೂರ್ಯ’ ಹಾಡಿದಾಗ ಪುನೀತ್‌ಗೆ ಆರರ ಆಸುಪಾಸು. ಹೆಡ್‌ಫೋನ್ ಹಾಕಿಕೊಂಡು ಮತ್ತೊಮ್ಮೆ ಕೇಳಿ. ಪಳಗಿದ ಕಂಠದ ನಯ ಅದರಲ್ಲಿ ಇಲ್ಲ. ಸಾಲಿನ ಕೊನೆಯಲ್ಲಿ ಉಸಿರು ಸ್ವಲ್ಪ ಸಣ್ಣದಾಗುತ್ತದೆ, ಅಕ್ಷರಗಳು ಮಾತ್ರ ಒಂದೊಂದೂ ಸ್ಪಷ್ಟ. ಮಗುವೇ ಹಾಡಿ ಮಲಗಿಸುತ್ತಿದೆ ಎಂಬ ನಂಬಿಕೆ ಹುಟ್ಟುವುದು ಆ ಸಣ್ಣ ಉಸಿರಿನಿಂದಲೇ. ಗಾಯಕಿಯೊಬ್ಬರು ಇದನ್ನು ಇನ್ನೂ ಚೆನ್ನಾಗಿ ಹಾಡಬಹುದಿತ್ತು. ಆದರೆ ಹಾಡು ಇಷ್ಟು ಕಾಲ ಉಳಿಯುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

‘ಚಲಿಸುವ ಮೋಡಗಳು’ ಚಿತ್ರದ ‘ಕಾಣದಂತೆ ಮಾಯವಾದನು’, ‘ಯಾರಿವನು’ ಚಿತ್ರದ ‘ಕಣ್ಣಿಗೆ ಕಾಣುವ ದೇವರು’, ‘ಬೆಟ್ಟದ ಹೂವು’ ಚಿತ್ರದ ‘ಬಿಸಿಲೇ ಇರಲಿ ಮಳೆಯೇ ಬರಲಿ’ ಇವೂ ಅವರ ದನಿಯಲ್ಲಿಯೇ ಇವೆ. ಈ ಮೂರು ಚಿತ್ರಗಳ ಸಂಗೀತ ರಾಜನ್–ನಾಗೇಂದ್ರ ಅವರದು.

ತಂದೆಯಿಂದ ಬಂದ ವಿದ್ಯೆಯೇ ಇದು?

ಮನೆಯ ವಾತಾವರಣದಿಂದ ಬಂದದ್ದು ಎನ್ನಬಹುದು. ರಾಜ್‌ಕುಮಾರ್ ರಂಗಭೂಮಿಯಿಂದ ಬಂದವರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಕಂಪನಿ ನಾಟಕದಲ್ಲಿ ಹಾಡಲು ಬಾರದವನನ್ನು ನಟನೆಂದು ಒಪ್ಪುತ್ತಿರಲಿಲ್ಲ. ಸಿನಿಮಾದಲ್ಲಿ ಬಹುಕಾಲ ಅವರಿಗೆ ಕಂಠವಾದವರು ಗಾಯಕ ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಪುನೀತ್ ಹುಟ್ಟಿದ್ದು ಅದರ ಮರುವರ್ಷ. ಅಂದರೆ ನಟನಾದವನು ತನ್ನ ಹಾಡನ್ನು ತಾನೇ ಹಾಡುತ್ತಾನೆ ಎಂಬುದು ಆ ಮಗುವಿಗೆ ಕಣ್ಣುಬಿಟ್ಟಾಗಿನಿಂದ ಕಂಡ ಸಹಜ ಸಂಗತಿ.

‘ಕಾಣದಂತೆ ಮಾಯವಾದನು’ ಹಾಡನ್ನು ಈಗ ಕೇಳಲು ಆಗುವುದೇ ಇಲ್ಲ. ನಿಮಗೂ ಹಾಗೆಯೇ ಆಗುತ್ತದೆಯೇ?

ಆಗುತ್ತದೆ. 2021ರ ಅಕ್ಟೋಬರ್ 29ರಂದು, ನಲವತ್ತಾರರ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೆ ಊರೂರಿನಲ್ಲಿ ಈ ಹಾಡೇ ಮೊಳಗಿತು. ಆದರೆ ಮೂಲದಲ್ಲಿ ಅದು ತುಂಟತನದ ಹಾಡು. ಏಳು ವರ್ಷದ ಹುಡುಗನೊಬ್ಬ ಶಿವನನ್ನೇ ಸಲುಗೆಯಿಂದ ಕೆಣಕುತ್ತಾನೆ. ಮಕ್ಕಳಿರುವ ಮನೆಯಲ್ಲಿ ಹಾಕಿ ನೋಡಿ, ಅವು ಇಂದಿಗೂ ಅದಕ್ಕೆ ಕುಣಿಯುತ್ತವೆ. ಆ ಹಾಡನ್ನು ಅವುಗಳಿಗೇ ಬಿಟ್ಟುಕೊಡೋಣ ಎನ್ನುವುದು ನನ್ನ ಆಸೆ.

## ನಟನೆಯ ಬಗ್ಗೆ

ಅಪ್ಪ ರಾಜ್‌ಕುಮಾರ್ ಆಗಿದ್ದರಿಂದ ತಾನೇ ಅವಕಾಶ ಸಿಕ್ಕಿದ್ದು?

ಹೌದು, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ತಂದೆ ನಾಯಕ, ತಾಯಿ ನಿರ್ಮಾಪಕಿ, ಮನೆಗೆ ಬಂದುಹೋಗುವವರೆಲ್ಲ ನಿರ್ದೇಶಕರು, ಗೀತರಚನಕಾರರು. ಬೇರೆ ಮನೆಯ ಮಗುವಿಗೆ ಸಿಗದ ಬಾಗಿಲು ಇದು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತಾರೆಯ ಮಗನನ್ನು ಒಂದೆರಡು ಚಿತ್ರಗಳಲ್ಲಿ ಮುದ್ದಿಗಾಗಿ ತೋರಿಸಿ ಕೈಬಿಟ್ಟ ಉದಾಹರಣೆಗಳು ಎಲ್ಲ ಭಾಷೆಗಳಲ್ಲೂ ಇವೆ. ಇಲ್ಲಿ ಪಾತ್ರಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತ ಹೋದವು, ಸಿಂಗೀತಂ ಶ್ರೀನಿವಾಸ ರಾವ್ ಅವರಂಥ ನಿರ್ದೇಶಕರು ಮತ್ತೆ ಮತ್ತೆ ಅವರನ್ನು ಹಾಕಿಕೊಂಡರು. ಕೊನೆಗೆ ತಂದೆ ತೆರೆಯ ಮೇಲೆ ಕಾಣಿಸಿಕೊಳ್ಳದ, ಇಡೀ ಚಿತ್ರವನ್ನು ಹುಡುಗನೇ ಹೊರಬೇಕಾದ ‘ಬೆಟ್ಟದ ಹೂವು’ ಬಂತು. ಅವಕಾಶ ಮನೆಯಿಂದ ಬಂತು, ಆ ಚಿತ್ರದ ರಾಮು ಮನೆಯಿಂದ ಬರಲಿಲ್ಲ. ಕನ್ನಡದ ಅತಿ ದೊಡ್ಡ ತಾರೆಯ ಮಗನಿಗೆ ಪುಸ್ತಕ ಕೊಳ್ಳಲು ಕಾಸಿಲ್ಲದ ಹುಡುಗನ ಸಂಕೋಚ ಎಲ್ಲಿ ಗೊತ್ತಿತ್ತು? ಅದನ್ನು ಊಹಿಸಿ ಮಾಡಬೇಕಿತ್ತು, ಮಾಡಿದರು.

‘ಭಕ್ತ ಪ್ರಹ್ಲಾದ’ದಲ್ಲಿ ಅಣ್ಣಾವ್ರ ಎದುರು ನಿಂತು ಆ ಮಗು ಹೇಗೆ ತಡೆದುಕೊಂಡಿತು?

ಇದು ಬಹಳ ಜನ ಕೇಳುವ ಪ್ರಶ್ನೆ, ಕೇಳಬೇಕಾದದ್ದೇ. ರಾಜ್‌ಕುಮಾರ್ ಅವರ ಹಿರಣ್ಯಕಶಿಪು ಕಂಪನಿ ನಾಟಕದ ಗತ್ತಿನಲ್ಲಿ ಮಾಡಿದ ಪಾತ್ರ. ಕಿರೀಟ, ಗದೆ, ನಗೆ, ಸಭೆ ನಡುಗುವಂಥ ಮಾತು. ಸರಿತಾ ಕಯಾದುವಾಗಿದ್ದಾರೆ, ಅನಂತನಾಗ್ ನಾರದರಾಗಿದ್ದಾರೆ. ಇಂಥವರ ನಡುವೆ ಎಂಟು ವರ್ಷದ ಹುಡುಗ ದನಿ ಏರಿಸಿ ಪೈಪೋಟಿಗೆ ನಿಂತಿದ್ದರೆ ಸೋಲು ಖಂಡಿತ.

ಅವನು ದನಿ ಏರಿಸುವುದಿಲ್ಲ. ತಂದೆ ಗರ್ಜಿಸುತ್ತಾನೆ, ಮಗ ಅದೇ ಮೆಲುದನಿಯಲ್ಲಿ ಉತ್ತರ ಕೊಡುತ್ತಾನೆ. ಹಟಮಾರಿಯ ಭಾವ ಆ ಮುಖದಲ್ಲಿ ಎಲ್ಲಿಯೂ ಇಲ್ಲ. ತಂದೆಯ ಮೇಲಿನ ಪ್ರೀತಿ ಇರುವಷ್ಟೂ ಇದೆ, ಹರಿಯ ಮೇಲಿನ ನಂಬಿಕೆಯೂ ಇದೆ. ಹಿರಣ್ಯಕಶಿಪುವಿಗೆ ಹುಚ್ಚು ಹಿಡಿಸುವುದೇ ಆ ಶಾಂತಿ. ಪ್ರಹ್ಲಾದನ ಕಥೆಯ ತಿರುಳೂ ಅದೇ ಅಲ್ಲವೇ? ಗ್ರಾಂಥಿಕ ಕನ್ನಡದ ಉದ್ದನೆಯ ವಾಕ್ಯಗಳನ್ನು ಅರ್ಥ ತಪ್ಪದ ಕಡೆ ತಡೆದು, ಮಹಾಪ್ರಾಣ ತಪ್ಪದಂತೆ ಹೇಳಿದ್ದನ್ನೂ ಗಮನಿಸಿ. ಕನ್ನಡ ಉಚ್ಚಾರಣೆ ಕಲಿಯುವ ಯಾವ ಹೊಸ ನಟನಿಗಾದರೂ ನಾನು ಈ ಚಿತ್ರವನ್ನೇ ಸೂಚಿಸುತ್ತೇನೆ.

‘ಬೆಟ್ಟದ ಹೂವು’ ಚಿತ್ರಕ್ಕೆ ಅಷ್ಟೊಂದು ಹೊಗಳಿಕೆ ಏಕೆ?

ಕಥೆ ಸಣ್ಣದು. ರಾಮು ಬಡವರ ಮನೆಯ ಹುಡುಗ, ಓದಿನ ಹಂಬಲವಿದ್ದರೂ ಮನೆಯ ಕಷ್ಟದಿಂದ ಶಾಲೆ ಬಿಟ್ಟವನು. ಬೆಟ್ಟ ಹತ್ತಿ ಅಪರೂಪದ ಹೂಗಳನ್ನು ಹುಡುಕಿ ತಂದು ವಿದೇಶಿ ಮಹಿಳೆಯೊಬ್ಬರಿಗೆ ಕೊಟ್ಟು ಕಾಸು ಕೂಡಿಸುತ್ತಾನೆ. ಅವನಿಗೆ ಬೇಕಾಗಿರುವುದು ಒಂದೇ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಕೈಯಲ್ಲಿ ಹಣ ಕೂಡಿದಾಗ ಮನೆಯವರು ಚಳಿಯಲ್ಲಿ ನಡುಗುತ್ತಿರುವುದು ನೆನಪಾಗುತ್ತದೆ. ಪುಸ್ತಕ ಬಿಟ್ಟು ಹೊದಿಕೆ ಕೊಳ್ಳುತ್ತಾನೆ.

ಇದನ್ನು ಕಣ್ಣೀರಿನ ಪ್ರಸಂಗ ಮಾಡುವುದು ಬಹಳ ಸುಲಭವಿತ್ತು. ನಿರ್ದೇಶಕ ಎನ್. ಲಕ್ಷ್ಮೀನಾರಾಯಣ್ ಹಾಗೆ ಮಾಡಲಿಲ್ಲ. 1964ರಲ್ಲಿ ‘ನಾಂದಿ’ ಮಾಡಿ ಕನ್ನಡದಲ್ಲಿ ಬೇರೆ ಬಗೆಯ ಚಿತ್ರಗಳಿಗೆ ದಾರಿ ತೋರಿದವರು ಅವರು. ಪುನೀತ್ ಕೂಡ ಅವರ ಸಂಯಮಕ್ಕೆ ತಕ್ಕಂತೆ ನಡೆದುಕೊಂಡರು. ರಾಮುವಿನ ಮುಖದಲ್ಲಿ ತ್ಯಾಗ ಮಾಡಿದೆನೆಂಬ ಬೀಗುವಿಕೆ ಇಲ್ಲ, ನನಗೆ ಅನ್ಯಾಯವಾಯಿತೆಂಬ ಗೋಳೂ ಇಲ್ಲ. ಮನೆಯ ಹಿರಿಮಗ ಮಾಡಬೇಕಾದದ್ದನ್ನು ಮಾಡಿದ, ಅಷ್ಟೇ. ಆಸೆ ಮಾತ್ರ ಕಣ್ಣಿನಲ್ಲಿ ಹಾಗೆಯೇ ಉಳಿದಿರುತ್ತದೆ. ಹತ್ತು ವರ್ಷದ ಹುಡುಗನಿಂದ ಇದಕ್ಕಿಂತ ಹೆಚ್ಚು ಪ್ರಾಮಾಣಿಕವಾದ ಅಭಿನಯವನ್ನು ನಾನು ಕನ್ನಡದಲ್ಲಿ ಕಂಡಿಲ್ಲ.

ಅದು ಕನ್ನಡ ಕಾದಂಬರಿ ಆಧಾರಿತವೇ?

ಅಲ್ಲ. ಅಮೆರಿಕದ ಲೇಖಕಿ ಶೆರ್ಲಿ ಅರೋರಾ ಇಂಗ್ಲಿಷಿನಲ್ಲಿ ಬರೆದ ಮಕ್ಕಳ ಕಾದಂಬರಿ ‘ವಾಟ್ ದೆನ್, ರಾಮನ್?’ ಇದರ ಮೂಲ. ಅದು ನಡೆಯುವುದೂ ದಕ್ಷಿಣ ಭಾರತದ ಬೆಟ್ಟದೂರಿನಲ್ಲಿ. ಹುಡುಗ ಹಂಬಲಿಸುವ ರಾಮಾಯಣವನ್ನು ಕುವೆಂಪು ಅವರ ಮಹಾಕಾವ್ಯವಾಗಿಸಿದ್ದರಿಂದ ಕಥೆ ಪೂರ್ತಿಯಾಗಿ ಕನ್ನಡದ್ದಾಯಿತು. ಆ ಕೃತಿಗೆ ಜ್ಞಾನಪೀಠ ಬಂದದ್ದು ಕನ್ನಡಿಗರಿಗೆಲ್ಲ ಗೊತ್ತಿದ್ದುದರಿಂದ, ಮಲೆನಾಡಿನ ಬಡ ಹುಡುಗನೊಬ್ಬ ಅದನ್ನೇ ಬಯಸುವುದಕ್ಕೆ ವಿವರಣೆ ಬೇಕಾಗಲಿಲ್ಲ.

ಬಾಲನಟನಾಗಿ ಎಷ್ಟು ಪ್ರಶಸ್ತಿ ಬಂದಿವೆ?

ಮುಖ್ಯವಾದವು ಮೂರು. ‘ಚಲಿಸುವ ಮೋಡಗಳು’ ಮತ್ತು ‘ಎರಡು ನಕ್ಷತ್ರಗಳು’ ಚಿತ್ರಗಳಿಗೆ ಅತ್ಯುತ್ತಮ ಬಾಲನಟ ರಾಜ್ಯ ಪ್ರಶಸ್ತಿ, ‘ಬೆಟ್ಟದ ಹೂವು’ ಚಿತ್ರಕ್ಕೆ 33ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಬಾಲನಟ ಪ್ರಶಸ್ತಿ. ಅದೇ ಸಾಲಿನಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಗೌರವವೂ ‘ಬೆಟ್ಟದ ಹೂವು’ ಪಾಲಾಯಿತು.

## ಬಿಡುವು ಮತ್ತು ಮರಳಿಕೆ

1989ರ ನಂತರ ಎಲ್ಲಿಗೆ ಹೋದರು?

ತೆರೆಯಿಂದ ಸರಿದರು. ದನಿ ಒಡೆಯುವ, ಮೈಕೈ ಬೆಳೆಯುವ ವಯಸ್ಸು ಬಾಲನಟರಿಗೆಲ್ಲ ಕಷ್ಟದ ಕಾಲ. ಮಗುವಿನ ಪಾತ್ರಕ್ಕೆ ದೊಡ್ಡವರು, ನಾಯಕನ ಪಾತ್ರಕ್ಕೆ ಚಿಕ್ಕವರು. ಮನೆಯಲ್ಲಿ ಆಗಲೇ ಶಿವರಾಜ್‌ಕುಮಾರ್ 1986ರ ‘ಆನಂದ್’ನಿಂದ ನಾಯಕರಾಗಿದ್ದರು, ರಾಘವೇಂದ್ರ ರಾಜ್‌ಕುಮಾರ್ ಕೂಡ ಚಿತ್ರಗಳಲ್ಲಿ ತೊಡಗಿದ್ದರು. ಕಿರಿಯ ಮಗನನ್ನು ಅವಸರದಲ್ಲಿ ಕಣಕ್ಕಿಳಿಸಬೇಕಾದ ಒತ್ತಡ ಇರಲಿಲ್ಲ. ಪುನೀತ್ ವ್ಯಾಪಾರದ ಕಡೆ ತಿರುಗಿದರು. 1999ರ ಡಿಸೆಂಬರ್‌ನಲ್ಲಿ ಅಶ್ವಿನಿ ಅವರೊಂದಿಗೆ ಮದುವೆಯಾಯಿತು. 2000ದ ಜುಲೈಯಲ್ಲಿ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿ 108 ದಿನ ಕಾಡಿನಲ್ಲಿ ಇರಿಸಿಕೊಂಡ. ಆ ಕುಟುಂಬವೂ ಇಡೀ ನಾಡೂ ಉಸಿರು ಬಿಗಿಹಿಡಿದಿದ್ದ ದಿನಗಳವು. ಮಗ ಮತ್ತೆ ಬಣ್ಣ ಹಚ್ಚಿದ್ದು ಇದೆಲ್ಲ ಕಳೆದ ಮೇಲೆ.

ಈ ಹದಿಮೂರು ವರ್ಷದ ಬಿಡುವು ಅವರಿಗೆ ಆದ ದೊಡ್ಡ ಉಪಕಾರ ಎಂದು ನಾನು ನಂಬುತ್ತೇನೆ. ಜನ ಮಗುವಿನ ಮುಖವನ್ನು ಪ್ರೀತಿಯಿಂದ ನೆನಪಿಟ್ಟುಕೊಂಡರು, ಆದರೆ ಆ ಮುಖವನ್ನೇ ನಾಯಕನಲ್ಲಿ ಹುಡುಕುವ ಹಟ ಆರಿಹೋಗಿತ್ತು.

‘ಅಪ್ಪು’ ಅವರ ಮೊದಲ ಚಿತ್ರ ಎಂದು ಬರೆಯುವುದು ತಪ್ಪಲ್ಲವೇ?

ನಾಯಕನಾಗಿ ಮೊದಲ ಚಿತ್ರ ಎಂದರೆ ಸರಿ. ಪುರಿ ಜಗನ್ನಾಥ್ ನಿರ್ದೇಶನ, ಗುರುಕಿರಣ್ ಸಂಗೀತ, ನಾಯಕಿ ರಕ್ಷಿತಾ. 2002ರ ಏಪ್ರಿಲ್ 26ರಂದು ಬಿಡುಗಡೆಯಾಯಿತು. ಮನೆಯ ಅಡ್ಡಹೆಸರು ಅಂದಿನಿಂದ ನಾಡಿನದಾಯಿತು. ಇದೇ ಕಥೆ ತೆಲುಗಿನಲ್ಲಿ ‘ಈಡಿಯಟ್’, ತಮಿಳಿನಲ್ಲಿ ‘ದಮ್’ ಆಯಿತು. 2025ರ ಮಾರ್ಚ್‌ನಲ್ಲಿ, ಅವರ ಐವತ್ತನೆಯ ಹುಟ್ಟುಹಬ್ಬದ ಹೊತ್ತಿಗೆ, ಚಿತ್ರ ಮತ್ತೆ ತೆರೆಕಂಡಾಗ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಹೋದರು.

ಬಾಲನಟನ ದಿನಗಳಲ್ಲಿ ಕಲಿತದ್ದು ನಾಯಕನಾದ ಮೇಲೆ ಎಲ್ಲಿ ಕಾಣುತ್ತದೆ? ಆಗ ಬರೀ ಹೊಡೆದಾಟ, ಕುಣಿತವೇ ಅಲ್ಲವೇ?

ಹೊಡೆದಾಟ, ಕುಣಿತದಲ್ಲಿ ಅವರಿಗೆ ಸಾಟಿ ಕಡಿಮೆ, ಅದರಿಂದಲೇ ಉಳಿದದ್ದು ಮರೆಯಾಯಿತು. ‘ಮಿಲನ’ (2007) ನೋಡಿ. ಎದುರಿನವರು ಮಾತನಾಡುವಾಗ ಅವರು ಕೇಳಿಸಿಕೊಳ್ಳುವ ರೀತಿಯನ್ನು ಗಮನಿಸಿ. ತನ್ನ ಸರದಿಗೆ ಕಾಯುವ ನಟರು ಬಹಳ ಮಂದಿ, ನಿಜವಾಗಿ ಕೇಳಿಸಿಕೊಳ್ಳುವವರು ಕೆಲವರು. ಎಂಟನೆಯ ವಯಸ್ಸಿನಲ್ಲಿ ಹಿರಣ್ಯಕಶಿಪುವಿನ ಎದುರು ನಿಂತು ಕಲಿತದ್ದು ಇದನ್ನೇ. ‘ಮಿಲನ’ ಅವರಿಗೆ ಅತ್ಯುತ್ತಮ ನಟ ರಾಜ್ಯ ಪ್ರಶಸ್ತಿ ತಂದಿತು. ಆಮೇಲೆ ‘ಜಾಕಿ’ (2010) ಕೂಡ ಅದೇ ಪ್ರಶಸ್ತಿ ತಂದಿತು. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ನಡೆಸಿಕೊಟ್ಟಾಗ ಹಳ್ಳಿಯಿಂದ ಬಂದ ಸ್ಪರ್ಧಿಯೂ ಅಂಜದೆ ಮನೆಯ ಕಷ್ಟ ಹೇಳಿಕೊಂಡದ್ದು ಆ ಕೇಳುವ ಗುಣದಿಂದಲೇ.

ನನ್ನ ಮಗಳು ಚೆನ್ನಾಗಿ ನಟಿಸುತ್ತಾಳೆ. ಪುನೀತ್‌ರಂತೆ ಚಿಕ್ಕಂದಿನಲ್ಲೇ ಸಿನಿಮಾಕ್ಕೆ ಸೇರಿಸಬಹುದೇ?

ಸೇರಿಸಬಹುದು, ಆದರೆ ಅವರ ಬಾಲ್ಯವನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿ. ಅವರ ಚಿತ್ರೀಕರಣದ ಅಂಗಳದಲ್ಲಿ ತಂದೆತಾಯಿಯದೇ ಮಾತು ನಡೆಯುತ್ತಿತ್ತು. ಸಾಕು ಎಂದರೆ ಸಾಕು. ನಿಮ್ಮ ಮಗಳಿಗೆ ಆ ರಕ್ಷಣೆ ಇರುವುದಿಲ್ಲ, ಹಾಗಾಗಿ ಕಾನೂನು ತಿಳಿದಿರಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು, 2017ರಲ್ಲಿ ನಿಯಮಗಳು ಬಂದವು. ಅವುಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತವಾಗಿ 27 ದಿನ ಮೀರಿ ತೊಡಗಿಸಿಕೊಳ್ಳುವಂತಿಲ್ಲ. ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಿನಲ್ಲಿಯೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಮಗುವಿನ ಒಪ್ಪಿಗೆಯಿಲ್ಲದೆ ಪಾತ್ರ ಮಾಡಿಸುವಂತಿಲ್ಲ, ಓದು ನಿಲ್ಲುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯುವುದು ನಿರ್ಮಾಪಕರ ಹೊಣೆ, ಆ ಅನುಮತಿ ಆರು ತಿಂಗಳಿಗೆ ಮಾತ್ರ. ಮೊದಲ ದಿನದ ಚಿತ್ರೀಕರಣಕ್ಕೆ ಮುಂಚೆಯೇ ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ ಮಗಳನ್ನು ಕರೆದುಕೊಂಡು ಮನೆಗೆ ಬನ್ನಿ.